ಮೊದಲ ಪಟ್ಟಿಯ ಏಳು ಮಂದಿ

ಸೋಮವಾರ ಬೆಳಿಗ್ಗೆ 10:40ಕ್ಕೆ ಠಾಣೆಗೆ ಬಂದ ದೂರು ಒಂದೂವರೆ ಪುಟವಿತ್ತು. ಅದರಲ್ಲಿ ಒಂದು ಪುಟ ಕ್ಯಾನ್ಸರ್ ಸಂಶೋಧನಾ ಕೇಂದ್ರದ ಗುಣಗಾನಕ್ಕೇ ಮೀಸಲಾಗಿತ್ತು. ಉಳಿದರ್ಧ ಪುಟವನ್ನು ಇನ್‌ಸ್ಪೆಕ್ಟರ್ ಎರಡು ಸಲ ಓದಿದರು. ಬೆಳಿಗ್ಗೆ 9:55ಕ್ಕೆ ಅರವತ್ತಮೂರು ವರ್ಷದ ಒಬ್ಬ ದರ್ಜಿ ಬಟ್ಟೆ ಕತ್ತರಿಸುವ ಕತ್ತರಿ ಹಿಡಿದು ಕೇಂದ್ರದ ಮುಖ್ಯಸ್ಥೆಯ ಕೋಣೆಗೆ ನುಗ್ಗಿ ಅವರ ಎಡ ಅಂಗೈಯನ್ನು ಸೀಳಿದ್ದ. ಕಾವಲಿನವರು ಬಂದಾಗ ಓಡಲು ನೋಡಿರಲಿಲ್ಲ. ಕತ್ತರಿಯನ್ನು ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕುಳಿತಿದ್ದ.

"ಮಾಡಿದವನು ಸಿಕ್ಕಿದ್ದಾನೆ, ಆಯುಧ ಸಿಕ್ಕಿದೆ, ಸಾಕ್ಷಿಗೆ ಅರ್ಧ ಆಸ್ಪತ್ರೆ ಇದೆ. ಊಟದ ಹೊತ್ತಿಗೆ ಮುಗೀತು ಸಾರ್," ಎಂದ ಹೆಡ್ ಕಾನ್‌ಸ್ಟೇಬಲ್.

ಈತನಿಗೆ ಠಾಣೆಯಲ್ಲಿ ಗಡಿಯಾರ ಎಂದೇ ಹೆಸರು. ಯಾರಾದರೂ ಸೀನಿದರೂ ಸಮಯ ಬರೆದಿಟ್ಟುಕೊಳ್ಳುವವನು. ಕೇಸು ಊಟದ ಹೊತ್ತಿಗೆ ಮುಗಿಯುತ್ತದೆ ಎಂದು ಆತ ಹೇಳಿದ್ದು ಆ ವರ್ಷ ಅದು ನಾಲ್ಕನೇ ಸಲ. ಹಿಂದಿನ ಮೂರರಲ್ಲಿ ಒಂದೂ ಮುಗಿದಿರಲಿಲ್ಲ.

ಮಾರಕಾಯುಧದಿಂದ ಹಲ್ಲೆ ಎಂದು ಎಫ್‌ಐಆರ್ ದಾಖಲಾಯಿತು. 11:30ಕ್ಕೆ ಮುಖ್ಯಸ್ಥೆಯ ಕೋಣೆಯಲ್ಲಿ ಪಂಚನಾಮೆ ನಡೆಯಿತು. ಹತ್ತು ಅಂಗುಲದ ಕತ್ತರಿ ಒಂದು. ಮೇಜಿನ ಅಂಚಿನಿಂದ ಬಾಗಿಲಿನವರೆಗೆ ರಕ್ತದ ಹನಿ. ರಕ್ತದಲ್ಲಿ ನೆನೆದ ಕಾಗದಪತ್ರ. ಆರೋಪಿಯ ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆಯ ಒಂದು ಪತ್ರ. ಆ ಪತ್ರ ಸಿಕ್ಕಿದ ಗಳಿಗೆಯಲ್ಲೇ ಗಡಿಯಾರನ ಊಟ ತಪ್ಪಿತು.

ಪತ್ರದಲ್ಲಿ ಐದೇ ಸಾಲು, ಕಂಪ್ಯೂಟರಿನಲ್ಲಿ ಅಚ್ಚಾದವು. "ಜೂನ್ ತಿಂಗಳಲ್ಲಿ ನೀವು ಕೊಟ್ಟ ರಕ್ತದಲ್ಲಿ ಕ್ಯಾನ್ಸರಿನ ಗುರುತು ಮತ್ತೆ ಕಾಣಿಸಿದೆ. ಕೇಂದ್ರದವರಿಗೆ ಇದು ಗೊತ್ತು. ಅವರು ನಿಮಗೆ ಹೇಳುವುದಿಲ್ಲ. ಹೇಳಬಾರದೆಂದು ಅವರ ನಿಯಮ. ತಡಮಾಡದೆ ಸ್ಕ್ಯಾನ್ ಮಾಡಿಸಿ." ಸಹಿ ಇರಲಿಲ್ಲ.

ದರ್ಜಿಯನ್ನು 12:50ಕ್ಕೆ ವಿಚಾರಣೆಗೆ ಕೂರಿಸಿದರು. ಗಿಡ್ಡ ಆಳು. ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳು.

"ಪತ್ರ ಯಾವಾಗ ಬಂತು?"

"ಶನಿವಾರ. ಅಂಚೆಯಲ್ಲಿ."

"ಭಾನುವಾರ ಏನ್ ಮಾಡಿದ್ರಿ?"

"ಬಟ್ಟೆ ವಾಪಸ್ ಕೊಟ್ಟೆ."

"ಯಾವ ಬಟ್ಟೆ?"

"ಹೊಲಿಯೋಕೆ ಅಂತ ಕೊಟ್ಟಿದ್ರಲ್ಲ, ಹದಿನಾಲ್ಕು ಮನೆಯವರದ್ದು. ಅಳತೆ ಚೀಟಿ ಪಿನ್ ಮಾಡಿ ಮನೆಮನೆಗೂ ಹೋಗಿ ಕೊಟ್ಟು ಬಂದೆ. ಮಿಷನ್ ಪಕ್ಕದ ಬೀದಿಯವನಿಗೆ ಕೊಟ್ಟೆ. ಸಾಯೋವನ ಹತ್ರ ಇನ್ನೊಬ್ಬರ ಬಟ್ಟೆ ಇರಬಾರದು."

"ಕತ್ತರಿ ಯಾಕೆ ಕೊಡ್ಲಿಲ್ಲ?"

ಅದಕ್ಕೆ ಅವನು ತಿರುಗಿ ಕೇಳಿದ. "ಸಾರ್, ಆ ಡಾಕ್ಟ್ರಮ್ಮನ್ನ ಒಂದೇ ಮಾತು ಕೇಳಿದ್ದು ನಾನು. ಇದು ನಿಜಾನಾ ಅಂತ. 'ಹೇಳೋ ಹಾಗಿಲ್ಲ' ಅಂದ್ರು. ಮೂರು ಸಲ ಕೇಳಿದೆ, ಮೂರು ಸಲಾನೂ ಅದೇ. ನೀವಾದ್ರೂ ಕೇಳಿ ಹೇಳ್ತೀರಾ?"

ಇನ್‌ಸ್ಪೆಕ್ಟರ್‌ಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಅದು ಆರೋಪಿಗಳ ಮೇಲೆ ಬಂದರೆ ಕೆಲಸ ಸಲೀಸು. ದೂರುದಾರರ ಮೇಲೆ ಬಂದಾಗಲೇ ತೊಂದರೆ. ಅವತ್ತು ಅದು ದೂರುದಾರರ ಮೇಲೆ ಬಂದಿತ್ತು.

ಮುಖ್ಯಸ್ಥೆ ಕೇಂದ್ರವಿದ್ದ ಆಸ್ಪತ್ರೆಯಲ್ಲೇ ಮೂರನೇ ಮಹಡಿಯ ವಾರ್ಡಿನಲ್ಲಿ ಕೈಗೆ ಬ್ಯಾಂಡೇಜು ಕಟ್ಟಿಸಿಕೊಂಡು ಒರಗಿದ್ದರು. ಹನ್ನೊಂದು ಹೊಲಿಗೆ. ನರ ತುಂಡಾಗಿ ಎರಡು ಬೆರಳು ಇನ್ನು ಮಡಚುವುದಿಲ್ಲವೆಂದು ಶಸ್ತ್ರವೈದ್ಯರು ಆಗಲೇ ಹೇಳಿಹೋಗಿದ್ದರು.

"ನೀವು ಅಲ್ಲಿ ಏನ್ ಸಂಶೋಧನೆ ಮಾಡ್ತೀರಿ? ನನಗೆ ಅರ್ಥ ಆಗೋ ಹಾಗೆ ಹೇಳಿ," ಎಂದರು ಇನ್‌ಸ್ಪೆಕ್ಟರ್.

ಅವರು ಹೇಳಿದರು. ಇದಕ್ಕೆ ಲಿಕ್ವಿಡ್ ಬಯಾಪ್ಸಿ ಎಂದು ಹೆಸರು. ಗಡ್ಡೆಯನ್ನು ಕತ್ತರಿಸಿ ನೋಡುವ ಬದಲು ರಕ್ತದಲ್ಲೇ ಅದರ ಜಾಡು ಹಿಡಿಯುವುದು. ಗಡ್ಡೆ ತನ್ನ ಡಿಎನ್ಎಯ ಚೂರುಗಳನ್ನು ರಕ್ತಕ್ಕೆ ಉದುರಿಸುತ್ತಿರುತ್ತದೆ. ಶಸ್ತ್ರಚಿಕಿತ್ಸೆ ಆದವರಿಂದ ಮೂರು ತಿಂಗಳಿಗೊಮ್ಮೆ ರಕ್ತ ತೆಗೆದು, ರೋಗ ಮರಳಿ ಬರುವುದನ್ನು ಸ್ಕ್ಯಾನಿಗಿಂತ ಮೊದಲೇ ಕಂಡುಹಿಡಿಯಬಹುದೇ ಎಂದು ನೋಡುತ್ತಿದ್ದಾರೆ. ಪರೀಕ್ಷೆ ಎಷ್ಟು ನಂಬಲರ್ಹ ಎನ್ನುವುದು ಇನ್ನೂ ಗೊತ್ತಿಲ್ಲ. ಆದ್ದರಿಂದ ಫಲಿತಾಂಶವನ್ನು ರೋಗಿಗೆ ತಿಳಿಸುವುದಿಲ್ಲ. ಹೀಗೆಂದು ರೋಗಿಗಳು ಮೊದಲೇ ಸಹಿ ಹಾಕಿರುತ್ತಾರೆ.

"ಏನಿದೆ ಅಂತ ಓದಿ ಸಹಿ ಹಾಕಿರ್ತಾರಾ?"

"ಒಂಬತ್ತು ಪುಟ ಇದೆ. ನಾವು ಓದಿ ಹೇಳ್ತೀವಿ."

"ಈ ದರ್ಜಿಗೆ ರೋಗ ವಾಪಸ್ ಬಂದಿದೆಯಾ ಇಲ್ವಾ?"

"ಹೇಳೋ ಹಾಗಿಲ್ಲ."

"ನಿಮ್ಮ ಕೈಯನ್ನೇ ಸೀಳಿದ್ದಾನೆ. ಈಗಲೂ ಹೇಳಲ್ವಾ?"

"ಈಗಲೂ ಅಷ್ಟೇ. ಇನ್‌ಸ್ಪೆಕ್ಟರೇ, ಬೆಳಿಗ್ಗೆಯಿಂದ ಇನ್ನೂ ಆರು ಜನ ಅದೇ ಪತ್ರ ಹಿಡ್ಕೊಂಡು ಕೆಳಗೆ ಕೂತಿದ್ದಾರೆ. ಇವನೊಬ್ಬನಿಗೆ ಇಲ್ಲ ಅಂತ ಹೇಳಿ, ಅವರ ಮುಂದೆ ನಾನು ಬಾಯಿ ಮುಚ್ಕೊಂಡಿದ್ರೆ, ಅವರಿಗೆ ಇದೆ ಅಂತ ಹೇಳಿದ ಹಾಗೇ ಅಲ್ವಾ?"

ತಾವು ಏನು ಹೇಳಿಬಿಟ್ಟೆವು ಎನ್ನುವುದು ಮುಖ್ಯಸ್ಥೆಗೂ ಹೊಳೆಯಿತು.

"ಅಂದ್ರೆ ಅವನಿಗೆ ಇಲ್ಲ," ಎಂದರು ಇನ್‌ಸ್ಪೆಕ್ಟರ್.

ಮುಖ್ಯಸ್ಥೆ ಮುಖ ಗೋಡೆಗೆ ತಿರುಗಿಸಿದರು. ಆಮೇಲೆ ಸಣ್ಣ ದನಿಯಲ್ಲಿ, "ನಮ್ಮ ನಿಯಮಗಳನ್ನ ನೋಡೋ ನೈತಿಕ ಸಮಿತಿ ಬುಧವಾರ ಸೇರತ್ತೆ. ಅವರು ಒಪ್ಪಿದ್ರೆ ಏಳು ಜನಕ್ಕೂ ಒಟ್ಟಿಗೆ ಹೇಳ್ತೀವಿ. ಅಲ್ಲಿವರೆಗೆ ದಯವಿಟ್ಟು ನೀವು ಹೇಳಬೇಡಿ. ಕೆಳಗೆ ಕೂತಿರೋರಲ್ಲಿ ಒಬ್ಬಾಕೆ ಬಸುರಿ," ಎಂದರು.

ಇನ್‌ಸ್ಪೆಕ್ಟರ್ ಕೆಳಗಿಳಿದು ಬಂದರು. ಮೊಗಸಾಲೆಯಲ್ಲಿ ಆರು ಜನ ಅಕ್ಕಪಕ್ಕದ ಕುರ್ಚಿಗಳಲ್ಲಿ, ಪತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ದರ್ಜಿಯ ಹೆಂಡತಿಯೂ ಅಲ್ಲೇ ಇದ್ದಳು. ಅವಳು ಎದ್ದು ಬಂದು, "ಡಾಕ್ಟ್ರು ಏನಂದ್ರು?" ಎಂದು ಕೇಳಿದಳು.

"ಬುಧವಾರ ಹೇಳ್ತಾರಂತೆ."

"ಬುಧವಾರದ ತನಕ ನಾನೇನ್ ಮಾಡ್ಲಿ? ನಮ್ಮ ಯಜಮಾನ್ರು ಶನಿವಾರದಿಂದ ಅನ್ನ ಮುಟ್ಟಿಲ್ಲ. ನಿಮ್ಮ ಮುಖ ನೋಡಿದ್ರೆ ಗೊತ್ತಾಗತ್ತೆ, ನಿಮಗೆ ಎಲ್ಲಾ ಹೇಳಿದ್ದಾರೆ. ನೀವೂ ಅವರ ಕಡೆಯವರೇ ಬಿಡಿ."

ಸಾಂತ್ವನದ ಮಾತು ಇನ್‌ಸ್ಪೆಕ್ಟರ್‌ಗೆ ಯಾವತ್ತೂ ಒಗ್ಗುತ್ತಿರಲಿಲ್ಲ. "ಅವರಿಗೆ ಊಟ ತಂದುಕೊಡಿ, ನಾನೇ ಕೂತು ತಿನ್ನಿಸ್ತೀನಿ," ಎಂದು ಗದರಿದಂತೆ ಹೇಳಿ ಹೊರಟರು. ಹೇಳಿದಂತೆ ಸಂಜೆ ಕೂತು ತಿನ್ನಿಸಿದರು ಕೂಡ. ದರ್ಜಿ ಪ್ರತಿ ತುತ್ತಿಗೂ ಅವರ ಮುಖವನ್ನೇ ನೋಡುತ್ತಿದ್ದ. ಇಲ್ಲ ಎನ್ನುವ ಎರಡಕ್ಷರ ಇನ್‌ಸ್ಪೆಕ್ಟರರ ನಾಲಿಗೆಯ ತುದಿಯವರೆಗೆ ಬಂದು ಬಂದು ಹೋಗುತ್ತಿತ್ತು. ಹೇಳದೆ ಇರುವುದು ಎಂಥ ಕೆಲಸ ಎನ್ನುವುದು ಅವರಿಗೆ ಅವತ್ತು ಗೊತ್ತಾಯಿತು. ಗೊತ್ತಾಯಿತೆಂದು ಮುಖ್ಯಸ್ಥೆಯ ಮೇಲಿನ ಸಿಟ್ಟು ಎಳ್ಳಷ್ಟೂ ಇಳಿಯಲಿಲ್ಲ.

ಮಂಗಳವಾರ ದರ್ಜಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸಿ ಎರಡು ದಿನಕ್ಕೆ ಪೊಲೀಸ್ ವಶಕ್ಕೆ ಪಡೆದರು. ಪತ್ರಗಳ ಬಗ್ಗೆ ಬೇರೆಯೇ ಎಫ್‌ಐಆರ್ ಆಯಿತು. ರೋಗಿಗಳ ಗುಟ್ಟಿನ ದಾಖಲೆ ಕದ್ದದ್ದು, ಅನಾಮಧೇಯ ಪತ್ರ ಬರೆದು ಭೀತಿ ಹುಟ್ಟಿಸಿದ್ದು. ಏಳೂ ಪತ್ರಗಳು ಅವುಗಳ ಲಕೋಟೆ ಸಮೇತ ವಶವಾದವು.

ಲಕೋಟೆಗಳ ಬಾಯಿಗೆ ತೆಳ್ಳನೆಯ ಹಳದಿ ಪಟ್ಟಿ ಅಂಟಿಸಲಾಗಿತ್ತು. ಗಡಿಯಾರ ಅದನ್ನು ಉಗುರಿನಿಂದ ಕೆರೆದ, ನೀರು ಹಚ್ಚಿದ, ಕಡೆಗೆ ಚಾಕು ತಂದ. "ಇದ್ಯಾವ ಗೋಂದು ಸಾರ್, ಜನ್ಮದಲ್ಲಿ ಬಿಡಲ್ಲ."

ಮೈನಸ್ ಎಂಬತ್ತು ಡಿಗ್ರಿ ಚಳಿಯ ಪೆಟ್ಟಿಗೆಯಲ್ಲಿ ಕೊಳವೆಗಳ ಮೇಲೆ ಅಂಟಿಸುವ ಪಟ್ಟಿ ಅದು ಎಂದು ಕೇಂದ್ರದಲ್ಲಿ ತಿಳಿಯಿತು. ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಬರೆದವರು ಒಳಗಿನವರೇ ಎನ್ನುವುದು ಖಾತ್ರಿಯಾಯಿತು. ಆದರೆ ಆ ಪಟ್ಟಿಯ ಉರುಳೆ ಅಲ್ಲಿ ಪ್ರತಿ ಮೇಜಿನ ಮೇಲೂ ಇತ್ತು.

ಮಧ್ಯಾಹ್ನ 2:15ಕ್ಕೆ ಕೇಂದ್ರದ ಕಂಪ್ಯೂಟರಿನವನನ್ನು ವಿಚಾರಿಸಿದರು. ಯಂತ್ರಗಳಿಂದ ಬಂದ ಅಂಕಿ ಅಂಶಗಳನ್ನು ಜೋಡಿಸಿ ಕೊನೆಯ ತೀರ್ಮಾನ ಬರೆಯುವವನು ಅವನು. ಪೊಲೀಸರೆಂದರೆ ತನ್ನ ಹೊತ್ತು ಹಾಳುಮಾಡಲು ಬಂದವರು ಎಂಬಂತೆ ಕುಳಿತಿದ್ದ.

"ಏಳು ಪತ್ರದಲ್ಲಿ ಎಷ್ಟು ನಿಜ?"

"ಆರು ನಮ್ಮ ಕೊನೇ ಪಟ್ಟಿಗೆ ಹೊಂದತ್ತೆ. ಒಂದು ಹೊಂದಲ್ಲ. ಆ ದರ್ಜಿಯದ್ದು."

"ಅದ್ಯಾಕೆ ತಪ್ಪಾಯ್ತು?"

"ಬಿಳಿ ಕಣ ಕಳೆದಿಲ್ಲ."

"ಬಿಡಿಸಿ ಹೇಳ್ರೀ. ನಾನು ನಿಮ್ಮ ಸೆಮಿನಾರಿಗೆ ಬಂದವನಲ್ಲ."

ಅವನು ನಿಟ್ಟುಸಿರು ಬಿಟ್ಟು ಬಿಡಿಸಿ ಹೇಳಿದ. ಕೊಳವೆಯ ರಕ್ತವನ್ನು ಯಂತ್ರದಲ್ಲಿ ಗಿರಗಿರನೆ ಸುತ್ತಿಸಿದರೆ ಮೂರು ಪದರವಾಗುತ್ತದೆ. ಅಡಿಯಲ್ಲಿ ಕೆಂಪು, ಮೇಲೆ ತಿಳಿಯಾದ ಹಳದಿ ಪ್ಲಾಸ್ಮಾ, ನಡುವೆ ಬಿಳಿ ರಕ್ತಕಣಗಳ ಸಣ್ಣ ಗೆರೆ. ಕ್ಯಾನ್ಸರಿನ ಚೂರು ಹುಡುಕುವುದು ಪ್ಲಾಸ್ಮಾದಲ್ಲಿ. ಆದರೆ ವಯಸ್ಸಾದವರಲ್ಲಿ ಬಿಳಿ ಕಣಗಳಲ್ಲೂ ಡಿಎನ್ಎ ಕೆಲವು ಕಡೆ ಬದಲಾಗಿರುತ್ತದೆ. ಅದು ಕ್ಯಾನ್ಸರ್ ಅಲ್ಲ. ಆ ಕಣಗಳು ಒಡೆದಾಗ ಅವುಗಳ ಚೂರೂ ಪ್ಲಾಸ್ಮಾಕ್ಕೆ ಸೇರುತ್ತದೆ. ಯಂತ್ರಕ್ಕೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ಅದಕ್ಕೇ ಬಿಳಿ ಕಣಗಳನ್ನು ಮೇಲಿನ ಮಹಡಿಯಲ್ಲಿ ಬೇರೆಯಾಗಿ ಪರೀಕ್ಷಿಸಿ, ಅಲ್ಲಿ ಸಿಕ್ಕಿದ್ದನ್ನು ಇಲ್ಲಿಯದರಿಂದ ಕಳೆಯುತ್ತಾರೆ. ಕಳೆಯುವ ಮುಂಚಿನದು ಮೊದಲ ಪಟ್ಟಿ, ಕಳೆದ ಮೇಲಿನದು ಕೊನೆಯ ಪಟ್ಟಿ.

"ಕೊನೇ ಪಟ್ಟಿ ಯಾರು ನೋಡ್ತಾರೆ?"

"ನಾನು, ಮೇಡಂ. ಇನ್ಯಾರೂ ಇಲ್ಲ."

"ಮೊದಲ ಪಟ್ಟಿ?"

"ಪ್ಲಾಸ್ಮಾ ಕೋಣೆಯ ಇಬ್ಬರು ಟೆಕ್ನಿಶಿಯನ್ನರು. ಆದ್ರೆ ಅದ್ರಲ್ಲಿ ಬರೀ ನಂಬರ್ ಇರತ್ತೆ. ಹೆಸರು ಅವರಿಗೆ ಗೊತ್ತಾಗಲ್ಲ."

"ಹೆಸರು ಯಾರಿಗೆ ಗೊತ್ತಾಗತ್ತೆ?"

"ಕೆಳಗೆ ರಕ್ತ ತೆಗೆಯೋ ನರ್ಸ್‌ಗೆ. ನಂಬರ್ ಅಂಟಿಸೋದು ಅವರೇ. ಆದ್ರೆ ಫಲಿತಾಂಶ ಅವರ ಕಣ್ಣಿಗೂ ಬೀಳಲ್ಲ."

ಇನ್‌ಸ್ಪೆಕ್ಟರ್ ಎದ್ದು ಕಿಟಕಿಯ ಹತ್ತಿರ ಹೋದರು. ಕೊನೆಯ ಪಟ್ಟಿ ನೋಡಿದವರು ಬರೆದಿದ್ದರೆ ದರ್ಜಿಗೆ ಪತ್ರವೇ ಹೋಗುತ್ತಿರಲಿಲ್ಲ. ಬರೆದವರಿಗೆ ಕಳೆಯುವ ಲೆಕ್ಕವೊಂದಿದೆ ಎನ್ನುವುದೇ ಗೊತ್ತಿಲ್ಲ. ಇದು ಪ್ಲಾಸ್ಮಾ ಕೋಣೆಯವರು ಮಾತ್ರ ಮಾಡಬಲ್ಲ ತಪ್ಪು.

"ಆ ಇಬ್ಬರು ಎಲ್ಲಿದ್ದಾರೆ?"

"ಒಬ್ಬರು ಹೆರಿಗೆ ರಜೆಯಲ್ಲಿ, ಏಪ್ರಿಲ್‌ನಿಂದ. ಇನ್ನೊಬ್ಬರು ಇಲ್ಲೇ ಇದ್ದಾರೆ."

ಬುಧವಾರ ಬೆಳಿಗ್ಗೆ ಗಡಿಯಾರ ಹಾಜರಿ ಪುಸ್ತಕ, ರಕ್ತ ಸಂಗ್ರಹದ ಪುಸ್ತಕ ಎರಡನ್ನೂ ಠಾಣೆಗೆ ಹೊತ್ತು ತಂದ. ಸಮಯ ಬರೆದಿರುವ ಪುಸ್ತಕ ಕಂಡರೆ ಅವನಿಗೆ ಹಬ್ಬ. 11:20ಕ್ಕೆ ತಲೆ ಎತ್ತಿದ.

"ಸಾರ್, ಜೂನ್ ಹನ್ನೊಂದರಿಂದ ಇಪ್ಪತ್ತೆರಡರ ತನಕ ನರ್ಸ್ ರಜೆ. ಆ ಹನ್ನೆರಡು ದಿನ ಕೆಳಗೆ ರಕ್ತ ತೆಗೆದವಳು ಪ್ಲಾಸ್ಮಾ ಕೋಣೆಯ ಟೆಕ್ನಿಶಿಯನ್. ಪ್ರತಿ ಸಾಲಿನಲ್ಲೂ ಅವಳದೇ ಸಹಿ. ಏಳು ಜನಾನೂ ಆ ದಿನಗಳಲ್ಲೇ ಬಂದಿದ್ದಾರೆ."

"ಇಡೀ ಜೂನ್‌ನಲ್ಲಿ ಮೊದಲ ಪಟ್ಟಿಯಲ್ಲಿ ಎಷ್ಟು ಜನ?"

"ಹದಿನೇಳು. ಈ ಹನ್ನೆರಡು ದಿನದವರು ಏಳೇ. ಏಳಕ್ಕೆ ಏಳೂ ಪತ್ರ ಹೋಗಿದೆ. ಉಳಿದ ಹತ್ತಕ್ಕೆ ಒಂದೂ ಹೋಗಿಲ್ಲ."

ಹೆಸರು ಗೊತ್ತಿದ್ದವರಿಗೆಲ್ಲ ಬರೆದಿದ್ದಳು. ಗೊತ್ತಿಲ್ಲದವರಿಗೆ ಬರೆಯಲು ಆಗಿರಲಿಲ್ಲ.

ಅದೇ ಸಂಜೆ ನೈತಿಕ ಸಮಿತಿ ಮೂರು ಗಂಟೆ ಕಿತ್ತಾಡಿ, ಏಳು ಮಂದಿಗೂ ತಿಳಿಸಿ ಸ್ಕ್ಯಾನ್ ಮಾಡಿಸಬೇಕೆಂದು ತೀರ್ಮಾನಿಸಿತು. ಗುರುವಾರ ಬೆಳಿಗ್ಗೆಯಿಂದ ಒಬ್ಬೊಬ್ಬರನ್ನೇ ಒಳಗೆ ಕರೆದರು. ದರ್ಜಿಯನ್ನು ಬೇಡಿ ಹಾಕಿಯೇ ಕರೆದೊಯ್ದರು. ಮಧ್ಯಾಹ್ನ 1:40ಕ್ಕೆ ಅವನ ಸ್ಕ್ಯಾನ್ ವರದಿ ಬಂತು. ಎಲ್ಲೂ ಏನೂ ಇರಲಿಲ್ಲ.

ಮುಖ್ಯಸ್ಥೆಯೇ ಬಂದು ಹೇಳಿದರು. ಬಿಳಿ ಕಣದ ವಿಷಯವನ್ನೂ ಹೇಳಿದರು. ಅವರ ಬ್ಯಾಂಡೇಜಿನ ಕೈಯನ್ನು ನೋಡುತ್ತಾ ದರ್ಜಿ ಕೇಳಿಸಿಕೊಂಡ.

"ಹಾಗಾದ್ರೆ ನಾನು ಯಾಕೆ ಕತ್ತರಿ ಎತ್ತಿದೆ?" ಎಂದ. "ಸೋಮವಾರ ಇಷ್ಟು ಹೇಳಿದ್ರೆ ನಿಮ್ಮ ಬೆರಳು ಉಳೀತಿತ್ತು, ತಾಯಿ."

"ಸೋಮವಾರ ಹೇಳೋ ಹಕ್ಕು ನನಗಿರಲಿಲ್ಲ," ಎಂದರು ಮುಖ್ಯಸ್ಥೆ. ದೂರು ಹಿಂತೆಗೆದುಕೊಳ್ಳುತ್ತೇನೆ ಎಂದು ಅವರು ಹೇಳಲಿಲ್ಲ. ದರ್ಜಿಯೂ ಕ್ಷಮೆ ಕೇಳಲಿಲ್ಲ. ಅವನ ಹೆಂಡತಿ ಮಾತ್ರ ಇನ್‌ಸ್ಪೆಕ್ಟರರ ಕಡೆ ತಿರುಗಿ, "ರೋಗ ಇಲ್ಲ ಅಂತ ಕೇಳೋಕೆ ನನ್ನ ಗಂಡ ಜೈಲಿಗೆ ಹೋಗ್ಬೇಕಾಯ್ತು. ಆ ಪತ್ರ ಬರೆದವರನ್ನ ಬಿಡ್ಬೇಡಿ," ಎಂದಳು.

ಗುರುವಾರ 3:10ಕ್ಕೆ ಇನ್‌ಸ್ಪೆಕ್ಟರ್, ಗಡಿಯಾರ ಮತ್ತು ಒಬ್ಬ ಮಹಿಳಾ ಕಾನ್‌ಸ್ಟೇಬಲ್ ಪ್ಲಾಸ್ಮಾ ಕೋಣೆಗೆ ಹೋದರು. ಕಿರಿದಾದ ಕೋಣೆ. ಗೋಡೆಯುದ್ದಕ್ಕೂ ಚಳಿಪೆಟ್ಟಿಗೆಗಳು. ರಕ್ತ ಸುತ್ತಿಸುವ ಯಂತ್ರ ಗುಂಯ್ಗುಡುತ್ತಿತ್ತು. ಅದರ ಮುಂದೆ ಮೂವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಕೈಗವಸು ಹಾಕಿಕೊಂಡು ನಿಂತಿದ್ದಳು. ಪೊಲೀಸರನ್ನು ನೋಡಿ ಗಾಬರಿಯಾಗಲಿಲ್ಲ.

"ಆರು ನಿಮಿಷ ಇದೆ. ಈಗ ಬಿಟ್ಟು ಬಂದ್ರೆ ಪದರ ಕಲಸಿಹೋಗತ್ತೆ. ಒಂಬತ್ತು ಜನರ ರಕ್ತ. ಮುಗಿಸಿ ಬರ್ತೀನಿ," ಎಂದಳು.

"ನಾಟಕ ಬೇಡ," ಎಂದರು ಇನ್‌ಸ್ಪೆಕ್ಟರ್. ಆದರೂ ನಿಂತರು. ಯಂತ್ರ ನಿಂತ ಮೇಲೆ ಅವಳು ಒಂದೊಂದೇ ಕೊಳವೆ ತೆಗೆದು, ಬಿಳಿ ಗೆರೆಗೆ ಮೊನೆ ತಗುಲದಂತೆ ಮೇಲಿನ ಹಳದಿಯನ್ನು ಹೀರಿ ಬೇರೆ ಕೊಳವೆಗೆ ಇಳಿಸಿದಳು. ಉಳಿದದ್ದನ್ನು ಮೇಲಿನ ಮಹಡಿಗೆ ಹೋಗುವ ತಟ್ಟೆಯಲ್ಲಿಟ್ಟಳು.

"ಆ ಬಿಳಿಯದು ಮೇಲೆ ಯಾಕೆ ಹೋಗತ್ತೆ ಅಂತ ಗೊತ್ತಾ?"

"ಬೇರೆ ಯಾವುದೋ ಅಧ್ಯಯನಕ್ಕೆ ಇರಬೇಕು. ನಮಗೆ ಹೇಳಿಲ್ಲ."

3:24ಕ್ಕೆ ಬಂಧನವಾಯಿತು. ಅವಳ ಮೇಜಿನ ಡ್ರಾಯರಿನಲ್ಲಿ ಪಂಚರ ಸಮಕ್ಷಮ ಸಿಕ್ಕಿದ್ದು ಖಾಲಿ ಲಕೋಟೆ ಐದು, ಏಳು ಹೆಸರು ವಿಳಾಸಗಳ ಕೈಬರಹದ ಚೀಟಿ ಒಂದು, ಬೇರೆ ಯಾರದೋ ರಕ್ತ ಪರೀಕ್ಷೆಯ ಕಾರ್ಡು ಒಂದು.

ಠಾಣೆಯಲ್ಲಿ ಅವಳು ಮೊದಲು ಕೇಳಿದ್ದು, "ಏಳು ಜನಾನೂ ಸ್ಕ್ಯಾನ್ ಮಾಡಿಸಿದ್ರಾ?"

"ಮಾಡಿಸಿದ್ರು. ನಾಲ್ಕು ಜನರಲ್ಲಿ ಸಿಕ್ಕಿದೆ. ಸಣ್ಣದು, ತೆಗೀಬಹುದಂತೆ. ಇಬ್ಬರಲ್ಲಿ ಇನ್ನೂ ಕಾಣ್ತಿಲ್ಲ."

ಅವಳ ಮುಖ ಅರಳಿತು. ಆ ಮುಖ ನೋಡಿ ಇನ್‌ಸ್ಪೆಕ್ಟರರ ಸಿಟ್ಟು ನೆತ್ತಿಗೇರಿತು. ಅದನ್ನು ಅವರು ಹತ್ತಿಕ್ಕಲಿಲ್ಲ.

"ಏಳನೆಯವನಿಗೆ ಏನೂ ಇರ್ಲಿಲ್ಲ. ಅವತ್ತೂ ಇರ್ಲಿಲ್ಲ, ಇವತ್ತೂ ಇಲ್ಲ. ನೀನು ನೋಡಿದ್ದು ಅರ್ಧ ಲೆಕ್ಕ. ಆ ಬಿಳಿ ಗೆರೆ ಮೇಲೆ ಹೋಗೋದು ಈ ತಪ್ಪು ಆಗದೇ ಇರ್ಲಿ ಅಂತ. ನಿನ್ನ ಪತ್ರ ನಂಬಿ ಆ ಮುದುಕ ಅಂಗಡಿ ಮುಚ್ಚಿದ, ಅನ್ನ ಬಿಟ್ಟ, ನಿಮ್ಮ ಮೇಡಂ ಕೈ ಸೀಳಿದ. ಈಗ ಅವನಿಗೆ ಏಳು ವರ್ಷವೋ ಹತ್ತು ವರ್ಷವೋ, ನ್ಯಾಯಾಲಯ ಹೇಳಬೇಕು."

ಮಹಿಳಾ ಕಾನ್‌ಸ್ಟೇಬಲ್ ನೀರು ಕೊಟ್ಟಳು. ಅವಳು ಕುಡಿಯಲಿಲ್ಲ.

"ಕತ್ತರಿ ಹಿಡಿದು ಬಂದೋರು ಯಾರೋ ತಲೆ ಕೆಟ್ಟೋರು ಅಂದ್ಕೊಂಡಿದ್ದೆ," ಎಂದಳು ಕಡೆಗೆ. "ನನ್ನ ಪತ್ರದವರು ಅಂತ ಯಾರೂ ಹೇಳ್ಲಿಲ್ಲ."

"ಆ ಕಾರ್ಡು ಯಾರದ್ದು?"

"ನಮ್ಮಕ್ಕಂದು."

ಹೇಳಿಕೆ 5:05ಕ್ಕೆ ಶುರುವಾಗಿ 6:20ಕ್ಕೆ ಮುಗಿಯಿತು. ಅಕ್ಕ ತಂಗಿ ಒಂದೇ ಮನೆಯಲ್ಲಿದ್ದರು. ಎರಡು ವರ್ಷದ ಹಿಂದೆ ಅಕ್ಕನಿಗೆ ಕರುಳಿನ ಶಸ್ತ್ರಚಿಕಿತ್ಸೆ ಆಗಿತ್ತು. ಸಂಶೋಧನೆಗೆ ರಕ್ತ ಕೊಡು, ನಾಲ್ಕು ಜನರಿಗೆ ಉಪಯೋಗವಾಗುತ್ತದೆ ಎಂದು ಅವಳನ್ನು ಒಪ್ಪಿಸಿದ್ದು ಈ ತಂಗಿಯೇ. ಅಕ್ಕನ ನಂಬರು ಯಾವುದೆಂದು ತಂಗಿ ಕೇಳಿರಲಿಲ್ಲ. ಕೇಳಬಾರದೆಂಬ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದಳು. ಹೋದ ವರ್ಷ ನವೆಂಬರಿನ ಸ್ಕ್ಯಾನಿನಲ್ಲಿ ರೋಗ ಕಂಡಾಗ ಅದು ಯಕೃತ್ತಿಗೂ ಹರಡಿ ಕೈಮೀರಿತ್ತು. ಫೆಬ್ರವರಿಯಲ್ಲಿ ಅಕ್ಕ ತೀರಿಕೊಂಡಳು. ಅವಳ ಕೈಚೀಲ ಖಾಲಿ ಮಾಡುವಾಗ ರಕ್ತ ಪರೀಕ್ಷೆಯ ಕಾರ್ಡು ಸಿಕ್ಕಿತು. ಅದರಲ್ಲಿ ನಂಬರಿತ್ತು. ಮಾರನೇ ದಿನ ತಂಗಿ ತನ್ನದೇ ಕೆಲಸದ ಪುಸ್ತಕ ತಿರುವಿ ನೋಡಿದಳು.

"ಹೋದ ವರ್ಷ ಏಪ್ರಿಲ್ ಒಂಬತ್ತು," ಎಂದು ಅವಳು ಹೇಳುತ್ತಿದ್ದಂತೆ ಗಡಿಯಾರ ಬರೆದುಕೊಂಡ. "ಮಧ್ಯಾಹ್ನ ಹನ್ನೆರಡು ಐವತ್ತಕ್ಕೆ ಆ ನಂಬರಿನ ಫಲಿತಾಂಶ ಬಂದಿದೆ. ಇದೆ ಅಂತಾನೇ ಬಂದಿದೆ. ಬರೆದು ಕೆಳಗೆ ಸಹಿ ಹಾಕಿರೋಳು ನಾನೇ. ಸ್ಕ್ಯಾನಿಗಿಂತ ಏಳು ತಿಂಗಳು ಮೊದಲು."

"ಆಮೇಲೆ?"

"ಆಮೇಲೆ ಊಟಕ್ಕೆ ಹೋಗಿರ್ತೀನಿ. ಅದು ಊಟದ ಹೊತ್ತು. ದಿನಾ ಡಬ್ಬಿ ಕಟ್ತಿದ್ದೋಳು ಅಕ್ಕ."

ಗಡಿಯಾರನ ಪೆನ್ನು ನಿಂತಿತು. ಬರೆದುಕೋ ಎಂದು ಇನ್‌ಸ್ಪೆಕ್ಟರ್ ಕೈಸನ್ನೆ ಮಾಡಿದರು.

"ದಿನಾ ಸಂಜೆ ಅಕ್ಕ ಒಂದು ಮಾತು ಕೇಳೋಳು," ಎಂದಳು ಅವಳು. "ಇವತ್ತು ಕೆಲಸ ಹೇಗಿತ್ತು ಅಂತ. ನಾನು ದಿನಾ ಒಂದೇ ಉತ್ತರ ಕೊಡ್ತಿದ್ದೆ. ಏನೂ ವಿಶೇಷ ಇಲ್ಲ ಕಣೇ, ಅಂತ. ಅವತ್ತೂ ಅದನ್ನೇ ಹೇಳಿರ್ತೀನಿ."

ಗಡಿಯಾರ ಹೇಳಿಕೆಯನ್ನು ಮೊದಲಿನಿಂದ ಓದಿ ಹೇಳಿದ. ಅವಳು ಸರಿಯಾಗಿದೆ ಎಂದು ಒಪ್ಪಿ, ಪ್ರತಿ ಪುಟದ ಕೆಳಗೂ ಸಹಿ ಹಾಕಿದಳು.